ಕಿಟಕಿಗೆ ನೇತುಹಾಕಿದ ಬಿಲ್ಲೆಗಳು

ಬೆಳಗಿನ ಪಾಳಿ ಮುಗಿಸಿ ಮೇಸ್ತ್ರಿ ಮನೆಯ ಮೆಟ್ಟಿಲು ಹತ್ತಿದಾಗ ಅವನ ಎಡಗಾಲಲ್ಲಿ ಚಪ್ಪಲಿ ಇತ್ತು, ಬಲಗಾಲಲ್ಲಿ ಇರಲಿಲ್ಲ. ಅದು ಅವನಿಗೆ ಗೊತ್ತೇ ಆಗಿರಲಿಲ್ಲ.

ಹೊಸ್ತಿಲ ಹತ್ತಿರ ಪುಸ್ತಕ ಹಿಡಿದು ಕೂತಿದ್ದ ಮಗಳು ತಲೆ ಎತ್ತಿದಳು. "ಅಪ್ಪಾ, ಇನ್ನೊಂದು ಚಪ್ಪಲಿ ಯಾರಿಗೆ ದಾನ ಮಾಡಿ ಬಂದ್ರಿ?" ಎಂದು ಕಿಸಕ್ಕನೆ ನಕ್ಕಳು. ಹದಿನಾರರ ಹುಡುಗಿ, ನಗು ಬಂತು, ನಕ್ಕಳು. ಅಷ್ಟಕ್ಕೇ ಅವನ ತಲೆಗೆ ಬೆಂಕಿ ಹತ್ತಿತು. ಉಳಿದಿದ್ದ ಒಂದು ಚಪ್ಪಲಿಯನ್ನೂ ಕಿತ್ತು ಎಸೆದ. ಅದು ಅವಳ ಕಿವಿಯ ಪಕ್ಕದಲ್ಲಿ ಹಾದು ಗೋಡೆಯ ಕನ್ನಡಿಗೆ ಬಡಿಯಿತು. ಹುಡುಗಿ ಅಳಲಿಲ್ಲ. ಎದ್ದು ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಅವಳಿಗೆ ಅದು ಅಭ್ಯಾಸವಾಗಿಹೋಗಿತ್ತು.

ಹೆಂಡತಿ ಮಾತಾಡದೆ ಬೀದಿಗೆ ಹೋಗಿ ಕಳೆದುಹೋದ ಚಪ್ಪಲಿಯನ್ನು ಹುಡುಕಿ ತಂದಳು. ಅವನ ಬಲಗಾಲ ಹಿಮ್ಮಡಿಯಲ್ಲಿ ರಕ್ತ ಒಸರುತ್ತಿತ್ತು.

"ತಿರುವಿನಲ್ಲಿ ಬಿದ್ದಿತ್ತು ರೀ. ಅಲ್ಲಿಂದ ಇಲ್ಲೀವರೆಗೂ ಜಲ್ಲಿಕಲ್ಲು. ಕಾಲಿಗೆ ಚುಚ್ಚಲಿಲ್ವಾ?"

ಆರು ತಿಂಗಳಿಂದ ಮೇಸ್ತ್ರಿಯ ಪಾದಗಳು ಅವನವೇ ಆಗಿರಲಿಲ್ಲ. ಕೈಬೆರಳು ನಡುಗುತ್ತಿದ್ದವು, ಕಣ್ಣಲ್ಲಿ ಮರಳು ಹಾಕಿದಂತೆ ಉರಿ, ನಿದ್ದೆ ಹತ್ತಿದರೆ ಕೆಟ್ಟ ಕನಸು. ಕೋಪವಂತೂ ಅದಕ್ಕೂ ಮೊದಲಿಂದಲೇ ಮೂಗಿನ ತುದಿಯಲ್ಲಿ ಕೂತಿರುತ್ತಿತ್ತು. ಹಿಂದೆ ಹೀಗಿರಲಿಲ್ಲ ಅವನು. ಈಗ ಹೆಂಡತಿ ಅಂಗಡಿಗೆ ಹೋಗಬೇಕಾದರೂ ಮಗಳನ್ನು ಜೊತೆಗೇ ಕರೆದುಕೊಂಡು ಹೋಗುತ್ತಿದ್ದಳು. ಅವಳನ್ನು ಅಪ್ಪನ ಜೊತೆ ಒಬ್ಬಳೇ ಬಿಟ್ಟು ಎರಡು ವರ್ಷವಾಗಿತ್ತು. ಯಾಕೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

"ನಾಳೆ ಡಾಕ್ಟ್ರ ಹತ್ರ ಹೋಗ್ತಾ ಇದೀವಿ. ಬರ್ತೀರಾ ಅಂತ ಕೇಳ್ತಾ ಇಲ್ಲ" ಎಂದಳು ಹೆಂಡತಿ, ಗಾಯ ಒರೆಸುತ್ತ.

ಮೇಸ್ತ್ರಿಯ ಕಸುಬು ಮರವನ್ನು ನೂಲು ಮಾಡುವುದು. ಕೇಳಿದವರು ನಗುತ್ತಾರೆ, ಆದರೆ ಮಾತು ಸುಳ್ಳಲ್ಲ. ಮರದ ತಿರುಳು ದಪ್ಪ ರಟ್ಟಿನಂಥ ಹಾಳೆಗಳಾಗಿ ಕಾರ್ಖಾನೆಗೆ ಬರುತ್ತದೆ. ಅದನ್ನು ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ, ಹಿಂಡಿ, ಪುಡಿ ಮಾಡಿ, ಹದಕ್ಕೆ ಬರಲು ಬಿಡುತ್ತಾರೆ. ಆಮೇಲೆ ಮುಚ್ಚಿದ ಪೀಪಾಯಿಯಲ್ಲಿ ಕಾರ್ಬನ್ ಡೈಸಲ್ಫೈಡ್ ಸೇರಿಸಿ ತಿರುವಿದರೆ ಬಿಳಿ ಪುಡಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮತ್ತೆ ಸೋಡಾ ನೀರಲ್ಲಿ ಕರಗಿಸಿದರೆ ಜೇನಿನಂಥ ಪಾಕ. ಆ ಪಾಕವನ್ನು ಸೋಸಿ, ಜೆಟ್ ಎನ್ನುವ ಲೋಹದ ಮುಚ್ಚಳದಲ್ಲಿರುವ, ಕೂದಲಿಗಿಂತ ಸಣ್ಣ ತೂತುಗಳಿಂದ ಆಮ್ಲದ ತೊಟ್ಟಿಯೊಳಕ್ಕೆ ನೂಕಬೇಕು. ನೋಡನೋಡುತ್ತಿದ್ದಂತೆ ಪಾಕ ನಾರಾಗಿ ನಿಲ್ಲುತ್ತದೆ, ಹೊಳೆಯುವ ಎಳೆ. ಇಪ್ಪತ್ತೆರಡು ವರ್ಷ ನೋಡಿದರೂ ಮೇಸ್ತ್ರಿಗೆ ಆ ಗಳಿಗೆ ಹಳತಾಗಿರಲಿಲ್ಲ.

ಆದರೆ ಕರಗಿಸಲು ಬಂದಿದ್ದ ಕಾರ್ಬನ್ ಡೈಸಲ್ಫೈಡು, ಬಂದ ಕೆಲಸ ಮುಗಿಯಿತೆಂದು ಅದೇ ತೊಟ್ಟಿಯಿಂದ ಗ್ಯಾಸಾಗಿ ಮೇಲೇಳುತ್ತದೆ. ಅದನ್ನು ಹೀರಲು ಯಂತ್ರದ ಹಿಂದೆ ಫ್ಯಾನು, ಜನರ ಕಡೆ ಬರದಂತೆ ಮುಂದೆ ಗಾಜಿನ ಬಾಗಿಲು. ಎಳೆ ಹರಿದರೆ ಬಾಗಿಲು ಎತ್ತಿ, ಕೊಕ್ಕೆಯಿಂದ ಎಳೆ ಹಿಡಿದು ಜೋಡಿಸಿ, ಬಾಗಿಲು ಇಳಿಸಬೇಕು. ಪಾಳಿಗೆ ನೂರು ಸಲ ಎಳೆ ಹರಿದರೆ ನೂರು ಸಲ ಎತ್ತಿ ಇಳಿಸುವವರು ಯಾರು? ಎತ್ತಿದ ಬಾಗಿಲು ಎತ್ತಿದಂತೆಯೇ ಇರುತ್ತಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡವನನ್ನು "ಏನಮ್ಮಾ, ಹೊಸ ಮದುಮಗಳಾ?" ಎಂದು ರೇಗಿಸುವುದೂ ಅಲ್ಲಿನ ರೂಢಿ.

ಎಷ್ಟು ಗ್ಯಾಸು ಒಳಗೆ ಹೋಗುತ್ತದೆಂದು ಅಳೆಯಲು ಕಂಪನಿ ವಾರಕ್ಕೊಂದು ದಿನ ಎಲ್ಲರ ಕಾಲರಿಗೂ ಒಂದೊಂದು ಬಿಲ್ಲೆ ಸಿಕ್ಕಿಸುತ್ತಿತ್ತು. ಲೆಕ್ಕ ಹೆಚ್ಚು ಬಂದರೆ ಯಂತ್ರ ನಿಲ್ಲಿಸುತ್ತಾರೆ, ಹಳೇ ಯಂತ್ರ ಒಮ್ಮೆ ನಿಂತರೆ ಮತ್ತೆ ಶುರು ಮಾಡುವುದಿಲ್ಲ ಎಂದು ಯಾರೋ ಹಬ್ಬಿಸಿದ್ದರು. ಅದಕ್ಕೆ ಮೇಸ್ತ್ರಿಯೇ ಒಂದು ಉಪಾಯ ಹುಡುಕಿದ್ದ. ಪಾಳಿ ಶುರುವಾದ ಕೂಡಲೇ ಹದಿನಾಲ್ಕು ಬಿಲ್ಲೆಗಳನ್ನೂ ಬಿಚ್ಚಿಸಿ, ಕೈತೊಳೆಯುವ ಜಾಗದ ಕಿಟಕಿಗೆ ಸಾಲಾಗಿ ನೇತುಹಾಕುವುದು. ಹೊರಗೆ ಬೇವಿನ ಗಾಳಿ, ಒಳಗೆ ಒಳ್ಳೆಯ ಲೆಕ್ಕ. ಮೂರು ವರ್ಷದಿಂದ ಆ ವಿಭಾಗದ ಕಾಗದದಲ್ಲಿ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ.

ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಸೂಜಿಯಿಂದ ಪಾದ ಚುಚ್ಚಿ ನೋಡಿದರು, ರಕ್ತದ ಪರೀಕ್ಷೆ ನೋಡಿದರು. ಸಕ್ಕರೆ ಕಾಯಿಲೆ ಇಲ್ಲ. "ಕುಡೀತೀರಾ?" ಎಂದರು.

"ಇಲ್ಲ ಡಾಕ್ಟ್ರೇ" ಎಂದಳು ಹೆಂಡತಿಯೇ. "ಇನ್ನೊಂದು ಮಾತು. ವರ್ಷಕ್ಕೊಂದ್ಸಲ ರಿಪೇರಿಗೆ ಅಂತ ಕಾರ್ಖಾನೆ ಇಪ್ಪತ್ತು ದಿನ ನಿಲ್ಲುತ್ತೆ. ಮೊದಲ ವಾರ ಕಳೀತು ಅಂದ್ರೆ ಇವರು ಹೂವಿನಂಥ ಮನುಷ್ಯ. ಮಗಳ ಜೊತೆ ಪಗಡೆ ಆಡ್ತಾರೆ, ಸೋತ್ರೂ ನಗ್ತಾರೆ. ಕಾರ್ಖಾನೆ ಶುರುವಾಗಿ ತಿಂಗಳಿಗೆ ಮತ್ತೆ ಅದೇ ರಾಗ."

ಡಾಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಅದು ಒಳ್ಳೇ ಸುಳಿವಮ್ಮ. ಆ ಗ್ಯಾಸು ನರಕ್ಕೂ ಆಗದು, ತಲೆಗೂ ಆಗದು. ಮನುಷ್ಯನ ಸ್ವಭಾವವನ್ನೇ ಕೆಡಿಸುತ್ತೆ. ಕಾರ್ಖಾನೆಯಲ್ಲಿ ಅಳತೆ ಮಾಡ್ತಾರಲ್ಲ, ಆ ಕಾಗದ ತಂದಿದೀರಾ?"

ಮೇಸ್ತ್ರಿ ತಂದಿದ್ದ. ಡಾಕ್ಟರು ಹಾಳೆ ಹಾಳೆ ತಿರುವಿದರು. ಅವರ ಮುಖ ಸಪ್ಪಗಾಯಿತು.

"ಇಲ್ಲ. ಇಷ್ಟು ಕಡಿಮೆ ಗ್ಯಾಸಿನಿಂದ ಹೀಗಾಗಲ್ಲ. ನಿಮ್ಮ ಮನೆ ಅಡಿಗೆಕೋಣೆಗಿಂತ ಚೊಕ್ಕ ಗಾಳಿ ಇದೆ ಇದರ ಪ್ರಕಾರ. ಪಾದದ ಕಾರಣ ಬೇರೆ ಹುಡುಕೋಣ. ಕೋಪಕ್ಕೆ ಮನೋವೈದ್ಯರಿಗೆ ಚೀಟಿ ಕೊಡ್ತೀನಿ. ಅದು ನಾಚಿಕೆಪಡೋ ವಿಷಯ ಅಲ್ಲ."

ಬಾಯಿಗೆ ಬಂದ ಮಾತನ್ನು ಮೇಸ್ತ್ರಿ ನುಂಗಿಕೊಂಡ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ ಇರಬೇಕು. ಅವನಿಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ನೆನಪಾದರು. ನಿವೃತ್ತಿಗೆ ಎರಡು ವರ್ಷವಿರುವಾಗ ಅವರಿಗೆ ಹುಚ್ಚು ಎಂದು ಎಲ್ಲರೂ ಅಂದರು, ಮನೆಯವರೂ ಅಂದರು. ಅಂದವರಲ್ಲಿ ಇವನೂ ಒಬ್ಬ.

ಹೊರಗೆ ಬಸ್ಸಿಗೆ ಕಾಯುತ್ತ ಕೂತಾಗ ಹೆಂಡತಿ ಮೆಲ್ಲಗೆ ಹೇಳಿದಳು. "ಒಂದು ವಿಷಯ. ಪುಟ್ಟಿ ಮುಂದಿನ ತಿಂಗಳಿಂದ ಚಿಕ್ಕಮ್ಮನ ಮನೇಲಿದ್ದು ಓದ್ತೀನಿ ಅಂತಿದಾಳೆ. ನಾನೂ ಹೂಂ ಅಂದೆ."

"ಯಾಕೆ?"

"ಯಾಕೆ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ."

ಮೇಸ್ತ್ರಿಗೆ ಕೋಪ ಬರಲಿಲ್ಲ, ಅಳು ಬಂತು. ಬೀದಿಯ ಮಧ್ಯೆ, ನಲವತ್ತೇಳು ವರ್ಷದ ಗಂಡಸು. ಕಣ್ಣೊರೆಸಿಕೊಳ್ಳುತ್ತ ಕಿಟಕಿ, ಬಿಲ್ಲೆ, ಮೂರು ವರ್ಷ, ಎಲ್ಲವನ್ನೂ ಹೇಳಿಬಿಟ್ಟ. ಬಸ್ಸು ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.

"ಅಂದ್ರೆ ಆ ಕಾಗದ ಸುಳ್ಳಾ?" ಎಂದಳು ಅವಳು. "ನೀವು ಗ್ಯಾಸು ಕುಡೀತಾ ಇದ್ರಿ, ಕಿಟಕಿ ಗಾಳಿ ಕುಡೀತಾ ಇತ್ತಾ?" ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯದಂತೆ ಮುಖ ಮುಚ್ಚಿಕೊಂಡಳು. "ಅಯ್ಯೋ ದೇವರೇ! ನನ್ನ ಗಂಡ ಕೆಟ್ಟೋನಾಗ್ಬಿಟ್ಟ ಅಂತ ಎರಡು ವರ್ಷದಿಂದ ಒಬ್ಬಳೇ ಕೊರಗಿದೀನಿ. ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

ಎದೆಯ ಮೇಲಿನ ಬಂಡೆ ಇಳಿದಂತಾಯಿತು ಅವನಿಗೆ. "ನಂದಲ್ಲ ಕಣೆ ಆ ಕೋಪ, ಗ್ಯಾಸಿಂದು" ಎಂದ.

ಅವಳು ಮುಖ ಎತ್ತಿದಳು. "ಕೋಪ ಗ್ಯಾಸಿಂದು, ಸರಿ. ಮಗಳ ಹತ್ರ ತಪ್ಪಾಯ್ತು ಅನ್ಬೇಡ ಅಂತ ಗ್ಯಾಸು ಹೇಳಿತ್ತಾ?"

ಇಬ್ಬರೂ ಎದ್ದು ವಾಪಸ್ಸು ಡಾಕ್ಟರ ಬಾಗಿಲಿಗೇ ಹೋದರು. ಎಲ್ಲ ಕೇಳಿ ಡಾಕ್ಟರು ಬೈಯಲಿಲ್ಲ. "ಅಲ್ಲಿಂದ ದೂರ ಬಂದ್ರೆ ತಲೆ ತಿಳಿಯಾಗುತ್ತೆ, ಪಾದಕ್ಕೆ ತಿಂಗಳುಗಟ್ಟಲೆ ಬೇಕು. ಆದರೆ ಇದು ಗ್ಯಾಸಿನ ಕಾಯಿಲೆ ಅಂತ ನಾನು ಬರೆದುಕೊಡಬೇಕಾದ್ರೆ ನನಗೆ ನಿಜವಾದ ಅಳತೆ ಬೇಕು" ಎಂದರು.

ಮುಂದಿನ ಅಳತೆಯ ದಿನ ಮೇಸ್ತ್ರಿ ತನ್ನ ಬಿಲ್ಲೆಯನ್ನು ಬಿಚ್ಚಲಿಲ್ಲ. ಯಂತ್ರದ ಸಾಲಿನಲ್ಲಿ ಎಲ್ಲರಿಗಿಂತ ಗಟ್ಟಿಗ ಎಂದು ಹೆಸರಾದವನನ್ನು ಎಲ್ಲರೂ 'ಉಕ್ಕು' ಎಂದೇ ಕರೆಯುತ್ತಿದ್ದರು. ಅವನು ಕೊಕ್ಕೆ ಕೆಳಗಿಟ್ಟು ಬಂದ.

"ಮೇಸ್ತ್ರಿ, ಏನಿದು? ನಿಮ್ಮೊಬ್ಬರದು ಹೆಚ್ಚು ಬಂದ್ರೆ ನಾವೆಲ್ಲ ಕಳ್ಳರಾಗ್ತೀವಿ. ಯಂತ್ರ ಮುಚ್ಚಿದ್ರೆ ಹದಿನಾಲ್ಕು ಮನೆ ಬೀದಿಗೆ ಬರುತ್ತೆ. ಗ್ಯಾಸು ಇವತ್ತು ನಿನ್ನೇದಾ? ಈ ವಾಸನೆ ಇಲ್ದೆ ನನಗೆ ಊಟ ಸೇರಲ್ಲ!"

ಕೆಲವರು ನಕ್ಕರು. ಮೇಸ್ತ್ರಿಗೆ ಅವನ ಮಾತು ಸುಳ್ಳೆನಿಸಲಿಲ್ಲ, ಆ ಭಯ ಅವನಿಗೂ ಇತ್ತು. ಆದರೆ ಬಿಲ್ಲೆ ಕಾಲರಿನಲ್ಲೇ ಉಳಿಯಿತು.

ಎರಡು ದಿನ ಬಿಟ್ಟು ಸುರಕ್ಷತೆ ನೋಡಿಕೊಳ್ಳುವ ಮೇಡಂ ಅವನನ್ನು ಕರೆಸಿದರು. ಮಿತಿಗಿಂತ ನಾಲ್ಕು ಪಟ್ಟು. ಅವನು ನಿಂತೇ ಎಲ್ಲ ಒಪ್ಪಿಕೊಂಡ. ಉಪಾಯ ತನ್ನದೆಂದ, ಹುಡುಗರದ್ದಲ್ಲವೆಂದ. ಮೇಡಂ ಮೇಜಿನ ಖಾನೆಯಿಂದ ಮೂರು ಅರ್ಜಿ ತೆಗೆದು ಅವನ ಮುಂದಿಟ್ಟರು.

"ನಿಮ್ಮ ವಿಭಾಗಕ್ಕೆ ಹೊಸ ಫ್ಯಾನು ಬೇಕು ಅಂತ ಮೂರು ಸಲ ಬರೆದಿದೀನಿ ಮೇಸ್ತ್ರಿ. ಮೂರು ಸಲವೂ ಮೇಲಿನವರು ನಿಮ್ಮ ಬಿಲ್ಲೆ ಲೆಕ್ಕ ತೋರಿಸಿ, ಅಲ್ಲಿ ಗಾಳಿ ಚೆನ್ನಾಗಿದೆಯಲ್ಲ, ಯಾಕೆ ಫ್ಯಾನು ಅಂದ್ರು. ನಾನು ಏನಂತ ಹೇಳಲಿ?"

ಮೇಸ್ತ್ರಿಯೂ ಅವನ ಹುಡುಗರೂ ಕಂಪನಿಗೆ ಮೋಸ ಮಾಡಿದೆವೆಂದು ಮೂರು ವರ್ಷ ಬೀಗಿದ್ದರು. ತಮ್ಮ ಕುತ್ತಿಗೆಯನ್ನು ತಾವೇ ಹಿಸುಕಿಕೊಂಡಿದ್ದರು.

ಚಹಾದ ಹೊತ್ತಿಗೆ ಅವನು ಹದಿಮೂರು ಜನರನ್ನೂ ಕೂರಿಸಿ ಅದನ್ನೇ ಹೇಳಿದ. ಆಮೇಲೆ ಹೇಳಬಾರದೆಂದುಕೊಂಡಿದ್ದನ್ನೂ ಹೇಳಿದ: ಪಾದ ಸತ್ತಿದೆ, ಮಗಳ ಮೇಲೆ ಚಪ್ಪಲಿ ಎಸೆದೆ, ಅವಳು ಮನೆ ಬಿಟ್ಟು ಹೊರಟಿದ್ದಾಳೆ. ಯಾರೂ ರೇಗಿಸಲಿಲ್ಲ. ಮೂಲೆಯಿಂದ ಒಬ್ಬ, "ನನಗೂ ಬೆರಳು ಜುಮ್ಮನ್ನುತ್ತೆ ಮೇಸ್ತ್ರಿ" ಎಂದ. ಇನ್ನೊಬ್ಬ, ತಾನು ನಿದ್ದೆಯಲ್ಲಿ ಕಿರುಚುತ್ತೇನೆಂದು ಹೆಂಡತಿ ಬೇರೆ ಕೋಣೆಯಲ್ಲಿ ಮಲಗುತ್ತಾಳೆಂದ. ಬೆಕ್ಕಿಗೆ ಗಂಟೆ ಕಟ್ಟುವುದೊಂದೇ ಬಾಕಿ ಇತ್ತೇನೋ, ಆಮೇಲೆ ಎಲ್ಲರೂ ಬಾಯಿ ಬಿಟ್ಟರು. ಉಕ್ಕು ಮಾತ್ರ ಎದ್ದು ಹೋದ.

ಯಂತ್ರವನ್ನು ನಿಲ್ಲಿಸಿದರು, ನಿಜ. ಆದರೆ ಮುಚ್ಚಲಿಲ್ಲ. ಆರು ವಾರದಲ್ಲಿ ಹೊಸ ಫ್ಯಾನು ಬಂತು. ಹೀರಿದ ಗ್ಯಾಸನ್ನು ತಣಿಸಿ, ಮತ್ತೆ ದ್ರವ ಮಾಡಿ, ಮೊದಲಿನ ಪೀಪಾಯಿಗೇ ಕಳಿಸುವ ಕೊಳವೆ ಬಂತು. ಗಾಜಿನ ಬಾಗಿಲು ಎತ್ತದೆ ಎಳೆ ಜೋಡಿಸುವುದು ಹೇಗೆಂದು ಎಂಜಿನಿಯರು ತಲೆ ಕೆರೆದುಕೊಳ್ಳುತ್ತಿದ್ದಾಗ ಮೇಸ್ತ್ರಿ, "ಬಾಗಿಲಿಗೇ ಕೈ ಹೋಗುವಷ್ಟು ಕಿಂಡಿ ಬಿಡಿ ಸಾರ್, ಅದಕ್ಕೊಂದು ರಬ್ಬರಿನ ಪರದೆ. ಉದ್ದ ಹಿಡಿಯ ಕೊಕ್ಕೆ ನಾನು ಮಾಡಿಸಿಕೊಡ್ತೀನಿ" ಎಂದ. ಅದು ಕೆಲಸಕ್ಕೆ ಬಂತು. ಗಾಳಿ ನುಗ್ಗದ ಕಾರಣ ಎಳೆ ಹರಿಯುವುದೂ ಕಡಿಮೆಯಾಯಿತು. ಪಕ್ಕದ ಶೆಡ್ಡಿನಲ್ಲಿ ಈ ಗ್ಯಾಸಿನ ಹಂಗೇ ಇಲ್ಲದೆ ತಿರುಳನ್ನು ಬೇರೊಂದು ದ್ರಾವಣದಲ್ಲಿ ನೇರವಾಗಿ ಕರಗಿಸಿ, ಆ ದ್ರಾವಣವನ್ನೇ ಮತ್ತೆ ಮತ್ತೆ ಬಳಸುವ ಸಣ್ಣ ಯಂತ್ರವೊಂದರ ಪರೀಕ್ಷೆ ನಡೆದಿತ್ತು. ಅದನ್ನು ಕಲಿಯಲು ಇಬ್ಬರನ್ನು ಇದೇ ಸಾಲಿನಿಂದ ಆರಿಸಿದರು. ಮೇಸ್ತ್ರಿಗೆ ಒಂದು ಎಚ್ಚರಿಕೆಯ ಪತ್ರವೂ, ತಿರುಳಿನ ಹಾಳೆ ಇಳಿಸುವ ಗೋದಾಮಿನಲ್ಲಿ ಕೆಲಸವೂ ಸಿಕ್ಕಿತು. ಪತ್ರವನ್ನು ಅವನು ನ್ಯಾಯವೆಂದೇ ತೆಗೆದುಕೊಂಡ.

ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಮಗಳಿಗೆ ತಪ್ಪಾಯಿತು ಎನ್ನಲು ಅವನಿಗೆ ಮೂರು ದಿನ ಹಿಡಿದಿತ್ತು. ಹೇಳಿದಾಗ ಅವಳು "ಹೂಂ" ಎಂದಳು, ಅಷ್ಟೇ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಚಿಕ್ಕಮ್ಮನ ಮನೆಗೆ ಹೋಗುವ ಮಾತನ್ನು ಅವಳು ಇನ್ನೊಂದು ತಿಂಗಳು ಮುಂದೆ ಹಾಕಿದಳು, ಆಮೇಲೆ ಪರೀಕ್ಷೆ ಮುಗಿಯಲಿ ಎಂದಳು. ಗೋದಾಮಿಗೆ ಹೋದ ಮೇಲೆ ಮೇಸ್ತ್ರಿಯ ಕೈ ನಡುಕ ನಿಂತಿತು, ಕನಸು ನಿಂತವು. ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ ಹೋದಾಗ ಅವನೇ ಮೊದಲು ನಕ್ಕ.

ಒಂದು ರಜೆಯ ದಿನ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಉಕ್ಕು ನಿಂತಿದ್ದ, ಒಗೆದ ಅಂಗಿ ಹಾಕಿಕೊಂಡು. ಒಳಗೆ ಕರೆದರೂ ಹೊಸ್ತಿಲು ದಾಟಲಿಲ್ಲ.

"ಡಾಕ್ಟ್ರ ಹತ್ರ ಹೋಗಿದ್ದೆ ಮೇಸ್ತ್ರಿ. ನಿಮ್ಮದೇ ಕಾಯಿಲೆ ಅಂತೆ" ಎಂದ. ಅವನ ಹೆಂಡತಿ ಅವನ ಹೊಡೆತ ತಾಳದೆ ಮಗುವನ್ನು ಎತ್ತಿಕೊಂಡು ಹೋಗಿ ವರ್ಷವಾಗಿತ್ತು. ಎರಡು ಬೀದಿ ಆಚೆ ತಂದೆಯ ಮನೆಯಲ್ಲೇ ಇದ್ದಳು. ಉಕ್ಕು ಮೇಸ್ತ್ರಿಯ ಹೆಂಡತಿಯ ಕಡೆ ತಿರುಗಿದ. "ಅಕ್ಕಾ, ನೀವು ಬಂದು ಅವಳಿಗೆ ಹೇಳ್ತೀರಾ? ವಾಪಸ್ ಬಾ ಅಂತ ಅಲ್ಲ. ಯಾಕೆ ಹಾಗಾಗಿತ್ತು ಅಂತ. ನಾನು ಹೇಳಿದ್ರೆ ನೆಪ ಅಂತಾಳೆ. ನಾನು ಬಾಗಿಲಾಚೆ ನಿಂತಿರ್ತೀನಿ."

"ನಡಿಯಪ್ಪ, ಬಂದೆ" ಎಂದಳು ಅವಳು. ಮುಖ ತೊಳೆದು ಬಂದವಳು ಎರಡು ವರ್ಷದ ಅಭ್ಯಾಸದಂತೆ ಮಗಳ ಕಡೆ ನೋಡಿ, "ಪುಟ್ಟೀ, ಏಳು, ಹೋಗಿ ಬರೋಣ" ಎಂದಳು.

ಮೇಸ್ತ್ರಿ ನೆಲ ನೋಡುತ್ತ ಕೂತ.

ಹುಡುಗಿ ಬರೆಯುತ್ತಿದ್ದ ಲೆಕ್ಕದಿಂದ ತಲೆ ಎತ್ತಲೂ ಇಲ್ಲ.

"ನೀನು ಹೋಗಿ ಬಾಮ್ಮ" ಎಂದಳು. "ಅಪ್ಪ ಇದಾರಲ್ಲ."