ಏಳನೆಯ ವಾಚು

“ಹಿಂದಿನ ಮುಚ್ಚಳ ತೆಗೆಯಿರಿ ಪೊರ್ಬುಗಳೇ. ಒಳಗೆ ಗುರುತು ಉಂಟಾ ನೋಡಬೇಕು.”

ಕಾನ್‌ಸ್ಟೆಬಲ್ ರಿತೇಶ್ ಪ್ಲಾಸ್ಟಿಕ್ ಚೀಲವನ್ನು, ಊರವರೆಲ್ಲ ಪೊರ್ಬುಗಳೆಂದು ಕರೆಯುವ ಎಡ್ಮಂಡ್‌ನ ಮೇಜಿನ ಮೇಲಿಟ್ಟ. ಒಳಗೆ ಕೀ ಕೊಡುವ ಹಳೆಯ ವಾಚು. ಪಟ್ಟಿಯ ತೂತುಗಳಲ್ಲಿ ಮರಳು. ಬೆಳಿಗ್ಗೆ ಉಚ್ಚಿಲದ ದಡಕ್ಕೆ ಬಂದ ಹೆಣದ ಕೈಯಲ್ಲಿತ್ತು. ಮುಖ ಗುರುತು ಹಿಡಿಯುವಂತಿರಲಿಲ್ಲ. ಐದು ದಿನಗಳ ಹಿಂದೆ ಮಗುಚಿದ ದೋಣಿಯಲ್ಲಿದ್ದವರು ಇಬ್ಬರು, ಶೀನ ಮತ್ತು ಭೋಜ.

“ಶೀನನದ್ದೇ ಅಂತ ಅವನ ಹೆಂಡತಿ ಹೇಳಿದ್ದಾರೆ. ಮಧ್ಯಾಹ್ನ ಹೆಣ ಬಿಟ್ಟುಕೊಡಬೇಕು. ನೀವೊಂದು ಮಾತು ಹೇಳಿದರೆ ಮುಗಿಯಿತು.”

ಕಾಪುವಿನ ಈ ಅಂಗಡಿಯಲ್ಲಿ ಮೂವತ್ತೆಂಟು ವರ್ಷಗಳಿಂದ ಎಡ್ಮಂಡ್ ತಾನು ರಿಪೇರಿ ಮಾಡಿದ ಪ್ರತಿ ವಾಚಿನ ಮುಚ್ಚಳದೊಳಗೆ ತಾರೀಖು ಗೀರಿ, ಗಿರಾಕಿಯ ಹೆಸರನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಮುಚ್ಚಳ ತೆಗೆದು ನೋಡಿದ. ಇದರಲ್ಲಿ ತಾರೀಖು ಇರಲಿಲ್ಲ. ಏಳು ಎಂಬ ಅಂಕಿ ಮಾತ್ರ ಇತ್ತು.

ರಿಪೇರಿ ಮುಗಿಯುವ ತನಕ ಗಿರಾಕಿಗಳಿಗೆ ಕೊಡಲೆಂದು ಅವನೇ ಜೋಡಿಸಿದ ವಾಚುಗಳಿದ್ದವು. ಕೆಟ್ಟ ಮೂರು ನಾಲ್ಕು ವಾಚುಗಳಿಂದ ಒಂದು. ಪೇಟೆಯಲ್ಲಿ ಸಿಗದ ಚಕ್ರದ ಅಚ್ಚನ್ನು ಸಣ್ಣ ಲೇತಿನಲ್ಲಿ ತಾನೇ ಕಡೆಯುತ್ತಿದ್ದ. ಅವಕ್ಕೆ ತಾರೀಖಿಲ್ಲ, ನಂಬರು. ಏಳನೆಯದನ್ನು ಹಿಂದಿನ ತಿಂಗಳು ಭೋಜ ಕಟ್ಟಿಕೊಂಡು ಹೋಗಿದ್ದ.

“ಉಪ್ಪು ಹಿಡಿದಿದೆ ಮಾರಾಯ. ಸರಿ ಕಾಣುವುದಿಲ್ಲ,” ಎಂದ ಎಡ್ಮಂಡ್.

“ಎಂತ ಪೊರ್ಬುಗಳೇ, ಕೂದಲಿನಂಥ ಸ್ಪ್ರಿಂಗ್ ಕಾಣುತ್ತದೆ, ಅಕ್ಷರ ಕಾಣುವುದಿಲ್ಲವಾ?”

ಅಷ್ಟರಲ್ಲಿ ಭೋಜನ ಹೆಂಡತಿ ಸುಗಂಧಿ ಮೆಟ್ಟಿಲು ಹತ್ತಿ ಬಂದಳು.

“ಶೀನಣ್ಣನ ಮನೆಯಿಂದ ಬಂದೆ. ಪಾಪ, ಅಕ್ಕನ ಮುಖ ನೋಡಲಿಕ್ಕೆ ಆಗುವುದಿಲ್ಲ.” ಸ್ವಲ್ಪ ತಡೆದು ಕೇಳಿದಳು: “ನಮ್ಮವರ ವಾಚು ಆಯಿತಾ? ಅವರಿಗೆ ಈಜು ಗೊತ್ತುಂಟಲ್ಲ, ಯಾವುದಾದರೂ ಬೋಟಿನವರು ಹತ್ತಿಸಿಕೊಂಡಿರುತ್ತಾರೆ. ಬಂದರೆ ಮೊದಲು ಕೇಳುವುದೇ ವಾಚು.”

ಎಡ್ಮಂಡ್ ಡ್ರಾವರಿನಿಂದ ಭೋಜನ ವಾಚು ತೆಗೆದುಕೊಟ್ಟ. ಅವಳು ಕೀ ಕೊಟ್ಟು ಕಿವಿಗೆ ಹಿಡಿದಳು.

“ನಿಮ್ಮದು ಅವರ ಕೈಯಲ್ಲೇ ಉಂಟು. ಹೆದರಬೇಡಿ, ನಿಮ್ಮ ಏಳನೇ ನಂಬರು ಎಲ್ಲಿಗೂ ಓಡಿಹೋಗುವುದಿಲ್ಲ.”

ರಿತೇಶ್ ಬಗ್ಗಿ ಮುಚ್ಚಳ ನೋಡಿದ. ಆಮೇಲೆ ಎಡ್ಮಂಡ್‌ನ ಮುಖ ನೋಡಿದ.

“ನಾನೇ ಗೀರಿದ್ದು,” ಎಂದ ಎಡ್ಮಂಡ್.

ಸುಗಂಧಿಯ ಕಣ್ಣು ಮೇಜಿನ ಕಡೆ ಹೋಯಿತು. ಅಲ್ಲೇ ನಿಂತಿತು.

ರಿತೇಶ್ ಫೋನು ಹಿಡಿದು ಹೊರಗೆ ಹೋದ. ಕಟ್ಟಿಗೆ ಒಟ್ಟಬೇಡಿ, ಸ್ವಲ್ಪ ನಿಲ್ಲಿ ಎಂದು ಶೀನನ ಮನೆಯವರಿಗೆ ಹೇಳುತ್ತಿದ್ದುದು ಒಳಗೆ ಕೇಳುತ್ತಿತ್ತು. ಎಡ್ಮಂಡ್ ಸ್ಟೂಲನ್ನು ಅವಳತ್ತ ಸರಿಸಿದ. ಅವಳು ಕೂರಲಿಲ್ಲ, ಗಂಡನ ವಾಚನ್ನು ಕಿವಿಯಿಂದ ಇಳಿಸಲೂ ಇಲ್ಲ. ಹೆದ್ದಾರಿಯಲ್ಲಿ ಬಸ್ಸೊಂದು ಉದ್ದಕ್ಕೆ ಹಾರ್ನ್ ಹೊಡೆದಾಗ ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡಳು.