ಅಡುಗೆಮನೆಗೆ ಎಳೆದ ವಯರ್

"ಆ ಕತ್ತಿ ಇತ್ತ ಕೊಡಿ," ಎಂದ ಕೂಸಪ್ಪ. "ಕಡಿದುಬಿಟ್ಟರೆ ಮುಗೀತು."

ರೇಡಿಯೋಗ್ರಾಮಿನ ಒಂದು ತುದಿಯನ್ನು ಅವನು ಎತ್ತಿ ಹಿಡಿದಿದ್ದ, ಇನ್ನೊಂದು ತುದಿಯನ್ನು ಶಾಂತಪ್ಪ. ಆ ಭಾರದ ಮರದ ಪೆಟ್ಟಿಗೆ ಜಗಲಿಗೆ ಹೋದರೆ ಮಾತ್ರ ನಡುಮನೆಯಲ್ಲಿ ಕೂಸಪ್ಪನ ಅಣ್ಣ ಪೊನ್ನಪ್ಪನ ದೇಹ ಮಲಗಿಸಲು ಜಾಗ. ಆದರೆ ಪೆಟ್ಟಿಗೆಯ ಹಿಂದಿನಿಂದ ಹೊರಟು ಗೋಡೆಯುದ್ದಕ್ಕೂ ಸಾಗಿ, ಬಾಗಿಲ ಮೇಲಿಂದ ಅಡುಗೆಮನೆಗೆ ಇಳಿದಿದ್ದ ವಯರ್ ಬಿಗಿದು ನಿಂತಿತ್ತು.

"ಕಡೀಬೇಡಿ ಕೂಸಪ್ಪಣ್ಣ. ತಿರುಪು ಬಿಚ್ಚಿದರೆ ಬರ್ತದೆ."

ಶಾಂತಪ್ಪ ವಿರಾಜಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಸುದ್ದಿ ಮುಟ್ಟಿದ ಕೂಡಲೇ ಇವರೂರು ಬಿಟ್ಟಂಗಾಲದ ಬಸ್ಸು ಹತ್ತಿದ್ದ. ಪೆಟ್ಟಿಗೆಯನ್ನು ಕೆಳಗಿಟ್ಟು, ಬಗ್ಗಿ, ಉಗುರಿನಿಂದಲೇ ತಿರುಪು ಸಡಿಲಿಸತೊಡಗಿದ.

"ಅಣ್ಣನಿಗೆ ಹುಚ್ಚು ಮಾರಾಯ," ಎಂದು ಕೂಸಪ್ಪ ಸೊಂಟಕ್ಕೆ ಕೈಕೊಟ್ಟು ನಿಂತ. ರಾತ್ರಿ ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿತ್ತು. "ಮಾಡು ಸೋರ್ತಾ ಇತ್ತು. ಹೆಂಚು ಹಾಕಿಸು ಅಂದೆ. ಇವನು ಆ ದುಡ್ಡಲ್ಲಿ ಮೈಸೂರಿಗೆ ಹೋಗಿ ವಿಲಾಯತಿ ವಯರ್ ತಂದ. ಸಾದಾ ವಯರಲ್ಲಿ ಹಾಡು ಬರೂದಿಲ್ವಾ? ಎಲ್ಲಾ ಒಂದೇ."

ಶಾಂತಪ್ಪ ಇನ್ನೊಂದು ತಿರುಪಿಗೆ ಕೈ ಹಾಕಿದ. ಒಳಕೋಣೆಯ ಬಾಗಿಲಲ್ಲಿ ಪೊನ್ನಪ್ಪನ ಹೆಂಡತಿ ಸರೋಜ ನಿಂತಿದ್ದಳು. ಮೀಯಿಸಲು ಕಾಯಿಸಿದ ನೀರಿನ ಬಿಂದಿಗೆ ಅವಳ ಕೈಯಲ್ಲೇ ಇತ್ತು. ಅದನ್ನು ಯಾರಿಗೆ ಕೊಡಬೇಕೆಂದು ಮರೆತವಳಂತೆ ನಿಂತಿದ್ದಳು.

*

ಪೊನ್ನಪ್ಪ ಇಡೀ ಆಯುಷ್ಯ ಒಂದೇ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ. ಹೇಳಿಕೊಳ್ಳುವಂಥದ್ದು ಏನೂ ಮಾಡಿದವನಲ್ಲ. ಕೊಡಗು ಮೈಸೂರಿಗೆ ಸೇರಿದ ಮೇಲೆ ತೋಟದ ಬಿಳಿ ದೊರೆ ತನ್ನೂರಿಗೆ ಹೊರಟಾಗ ರೇಡಿಯೋ, ಗ್ರಾಮಫೋನು ಎರಡೂ ಇದ್ದ ಆ ರೇಡಿಯೋಗ್ರಾಮನ್ನು ರೈಟರಿಗೆ ಬಿಟ್ಟುಹೋದ. ಮನೆಗೆ ಕರೆಂಟು ಬರುವವರೆಗೂ ಅದು ಗೋಣಿತಾಟು ಹೊದ್ದು ಮೂಲೆಯಲ್ಲಿ ಕೂತಿತ್ತು.

ಕರೆಂಟು ಬಂದ ಮೇಲೆ ಪೊನ್ನಪ್ಪನ ಸಂಜೆಗಳೆಲ್ಲ ಅದರ ಮುಂದೆಯೇ. ಒಳ್ಳೆಯ ಹಾಡು ಬಂದರೆ, "ಸರೋಜ, ಬೇಗ ಬಾ!" ಎಂದು ಕೂಗುತ್ತಿದ್ದ. ಅವಳು ಒಲೆಯ ಕೊಳ್ಳಿ ಹಿಂದಕ್ಕೆಳೆದು, ಕೈ ಒರೆಸಿಕೊಂಡು ಬರುವಷ್ಟರಲ್ಲಿ ಹಾಡು ಮುಗಿದು ವಾರ್ತೆ ಶುರುವಾಗಿರುತ್ತಿತ್ತು.

ಅಡುಗೆಮನೆಗೇ ಒಂದು ಸ್ಪೀಕರ್ ಇಡಬೇಕೆಂದು ಅವನಿಗೆ ಹೊಳೆದದ್ದು ಆಗ. ಶಾಂತಪ್ಪ ಸ್ಪೀಕರ್ ಪೆಟ್ಟಿಗೆ ಮಾಡಿಕೊಟ್ಟ. ಇನ್ನು ವಯರ್ ಒಂದೇ ಬಾಕಿ. ಸಾದಾ ವಯರ್ ಸಾಕು ಎಂದವರು ಕೆಲವರು. ಮೈಸೂರಿನ ಅಂಗಡಿಯವನು ಮಾತ್ರ ದಪ್ಪ ತಾಮ್ರದ್ದನ್ನು ತೋರಿಸಿ, "ದೂರ ಹೋಗ್ತಾ ಹೋಗ್ತಾ ಸ್ವರ ಸೊರಗಬಾರದು ಅಂದ್ರೆ ಇದೇ ಬೇಕು ಸ್ವಾಮಿ" ಎಂದಿದ್ದ. ಪೊನ್ನಪ್ಪ ಎರಡನ್ನೂ ತಂದ. ಒಪ್ಪಿಗೆಯಾಗದ್ದನ್ನು ಹಿಂದಿರುಗಿಸುವುದೆಂದು ಮಾತಾಗಿತ್ತು.

"ನೀನೇ ಹೇಳು," ಎಂದು ಸರೋಜಳನ್ನು ಅಡುಗೆಮನೆಯ ಮಣೆಯ ಮೇಲೆ ಗೋಡೆಗೆ ಮುಖ ಮಾಡಿ ಕೂರಿಸಿದ. "ತಿರುಗಿ ನೋಡಬೇಡ. ಕೇಳು, ಅಷ್ಟೆ."

ಬಾಳೆಲೆ ಊರಿನಿಂದ ಬಂದಿದ್ದ ನೆಂಟರು ಅದೇ ಮಧ್ಯಾಹ್ನ ಹೊರಟಿದ್ದರು. ಅವಳ ಸೊಂಟ ಬಿದ್ದುಹೋಗಿತ್ತು. ಒಂದು ವಯರಲ್ಲಿ ಗ್ರಾಮಫೋನ್ ತಟ್ಟೆ ಹಾಡಿತು. ಇನ್ನೊಂದರಲ್ಲೂ ಅದೇ ತಟ್ಟೆ ಹಾಡಿತು.

"ಎರಡೂ ಒಂದೇ ಅಲ್ವಾ?"

"ಸರಿಯಾಗಿ ಕೇಳು ಮಾರಾಯ್ತಿ."

ಮತ್ತೆ ಹಾಕಿದ. ನಡುಮನೆಗೂ ಅಡುಗೆಮನೆಗೂ ಓಡಾಡಿ ಅವನಿಗೆ ಏದುಸಿರು ಬಂದಿತ್ತು. ಅವಳ ಬೆನ್ನ ಹಿಂದೆ ಅನ್ನ ಉಕ್ಕಿ ಒಲೆಗೆ ಚೆಲ್ಲುವ ಸದ್ದಾಯಿತು.

"ಎರಡನೇದು," ಎಂದು ಅವಳು ಎದ್ದುಬಿಟ್ಟಳು. "ಎರಡನೇದೇ ಚೆಂದ."

"ನೋಡು! ಅದೇ ತಾಮ್ರದ್ದು!" ಪೊನ್ನಪ್ಪನ ಮುಖ ಅಷ್ಟು ಅರಳಿದ್ದನ್ನು ಅವಳು ಮದುವೆಯಲ್ಲೂ ಕಂಡಿರಲಿಲ್ಲ.

ಆ ಮಳೆಗಾಲವೂ ಮಾಡು ಸೋರಿತು.

*

ದೇಹವನ್ನು ತೋಟದಂಚಿಗೆ ಒಯ್ದಾಗ ಹೊತ್ತು ನೆತ್ತಿಗೇರಿತ್ತು. ಮಕ್ಕಳಿಲ್ಲದ್ದರಿಂದ ಕೂಸಪ್ಪನೇ ಬೆಂಕಿ ಇಟ್ಟ. ಹೆಂಗಸರು ಮನೆಯಲ್ಲೇ ಉಳಿದರು. ಒಲೆ ಹೊತ್ತಿಸುವಂತಿರಲಿಲ್ಲ. ಪಕ್ಕದ ಮನೆಯಿಂದ ಬಂದ ಗಂಜಿ ಮುಚ್ಚಿದಲ್ಲೇ ತಣ್ಣಗಾಗುತ್ತಿತ್ತು.

ಕೂಸಪ್ಪನ ಹೆಂಡತಿ ಪ್ರೇಮಾವತಿ ಅಡುಗೆಮನೆಯಲ್ಲಿ ಸರೋಜಳ ಪಕ್ಕ ಕೂತಳು. ಗೋಡೆಯ ಮೇಲಿನ ಸ್ಪೀಕರ್ ಪೆಟ್ಟಿಗೆ ಹೊಗೆ ಹಿಡಿದು ಕಪ್ಪಾಗಿತ್ತು.

"ಭಾವ ನಿನಗೆ ಅಂತಲೇ ಹಾಕಿಸಿದ್ದಲ್ವಾ ಅಕ್ಕ? ನಮ್ಮವರು ನನಗೆ ಒಂದು ಸೌಟು ತಂದುಕೊಟ್ಟವರಲ್ಲ."

ಸರೋಜ ತಣ್ಣಗಾದ ಒಲೆಯತ್ತ ನೋಡಿದಳು.

"ಇಲ್ಲಿ ಮುಂಚೆ ಶಬ್ದವೇ ಇರಲಿಲ್ಲ ಪ್ರೇಮಾ," ಎಂದಳು. "ಹೊರಗೆ ಬಂದರೆ ಅತ್ತೆ, ನೆಂಟರು, ತೋಟದವರು, ಒಬ್ಬರಲ್ಲ ಒಬ್ಬರು ಕರೀತಾ ಇದ್ರು. ಇಲ್ಲಿ ಒಲೆ ಉರಿಯೋ ಸದ್ದು, ಅಷ್ಟೆ. ನನಗೆ ಅದು ಹಿತ ಇತ್ತು."

"ಹಾಗಾದರೆ ಬೇಡ ಅನ್ನಬಹುದಿತ್ತಲ್ಲ?"

"ಹೇಗೆ ಅನ್ನೋದು? ದಿನಾ ಬಂದು ಇದೇ ಬಾಗಿಲಲ್ಲಿ ನಿಲ್ತಿದ್ರು. 'ಸರೋಜ, ಹಾಡು ಸರಿಯಾಗಿ ಬರ್ತದಾ?' ಅಂತ ಕೇಳ್ತಿದ್ರು. ಬರ್ತದೆ ಅಂತಿದ್ದೆ. ಅಷ್ಟಕ್ಕೇ ಸಂತೋಷ ಅವರಿಗೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ನೋಡು, ಶಬ್ದ ಇಲ್ಲ. ಆಗಿನಿಂದ ಕಿವಿ ಕೊಟ್ಟುಕೊಂಡೇ ಕೂತಿದ್ದೇನೆ."

*

ಗಂಡಸರು ಮಿಂದು ಬಂದು ಜಗಲಿಯಲ್ಲಿ ಕೂತಾಗ ಬಿಸಿಲು ಇಳಿಯುತ್ತಿತ್ತು. ಕೊನೆಯ ಬಸ್ಸಿಗೆ ಹೊರಟ ಶಾಂತಪ್ಪ, ನಡುಮನೆಯಲ್ಲಿ ದೀಪದ ಹತ್ತಿರ ಕೂತಿದ್ದ ಸರೋಜಳ ಮುಂದೆ ಬಂದು ನಿಂತ.

"ಸರೋಜಕ್ಕ, ಬೆಳಿಗ್ಗೆ ಕೂಸಪ್ಪಣ್ಣ ಹೇಳಿದ್ದು ಸುಳ್ಳಲ್ಲ. ಇಷ್ಟು ಹತ್ತಿರಕ್ಕೆ ಯಾವ ವಯರಾದರೂ ಒಂದೇ ಅಂತ ನಾನೂ ರೈಟರಿಗೆ ಹೇಳಿದ್ದೆ."

"ಗೊತ್ತಿತ್ತಾ ಅವರಿಗೆ?"

"ಗೊತ್ತಿತ್ತು. ಆದರೂ ಅದೇ ಬೇಕು ಅಂದ್ರು. 'ಇವಳು ನಮ್ಮ ಮನೆಗೆ ಬಂದಾಗಿಂದ ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದ್ದನ್ನೇ ತಿಂದಳು ಶಾಂತಪ್ಪ, ಹಾಡಾದರೂ ನನಗೆ ಬಂದ ಹಾಗೇ ಅವಳಿಗೂ ಹೋಗಲಿ' ಅಂದ್ರು."

ಸರೋಜ ತಲೆ ಎತ್ತಿದಳು. "ಹಾಗಂದ್ರಾ?"

"ಹೌದಕ್ಕ."

"ನನಗೆ ಹೇಳಲೇ ಇಲ್ಲ."

ಶಾಂತಪ್ಪ ಹೊಸ್ತಿಲು ದಾಟಿದ. ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದ. ಜಗಲಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಕೂಸಪ್ಪ ಅವನ ಬೆನ್ನನ್ನೇ ನೋಡುತ್ತ ಕೂತ. ಆಮೇಲೆ ತನ್ನ ಎರಡೂ ಅಂಗೈಗಳಿಂದ ಮುಖವನ್ನು ಬಲವಾಗಿ ಉಜ್ಜಿಕೊಂಡ.

ಸರೋಜ ಗೋಡೆಗೆ ಒರಗಿದಳು. ಪ್ರೇಮಾವತಿ ಗಂಜಿಯ ಬಟ್ಟಲು ಹಿಡಿದು ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿ ಕಣ್ಣು ಮುಚ್ಚಿತ್ತು, ಬಾಯಿ ತುಸು ತೆರೆದಿತ್ತು. ಮದುವೆಯಾದಂದಿನಿಂದ ಆ ಮನೆಯಲ್ಲಿ ಅವಳು ಹಗಲಲ್ಲಿ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ.

"ಪ್ರೇಮಾ, ತಿಥಿ ವಿಷಯ ಅತ್ತಿಗೆ ಹತ್ರ—" ಎಂದು ದೊಡ್ಡ ಸ್ವರದಲ್ಲಿ ಶುರುಮಾಡಿದ ಕೂಸಪ್ಪ ಹೊಸ್ತಿಲಲ್ಲೇ ನಿಂತ. ಪ್ರೇಮಾವತಿ ಬೆರಳನ್ನು ತುಟಿಗಿಟ್ಟಿದ್ದಳು. ಅವನು ಹಾಗೇ ಹಿಂದೆ ಸರಿದ, ಬಗ್ಗಿ ತನ್ನ ಚಪ್ಪಲಿಗಳನ್ನು ಕೈಗೆತ್ತಿಕೊಂಡ. ಮಾತಾಡುತ್ತಿದ್ದವರಿಗೆಲ್ಲ ಕೈಸನ್ನೆ ಮಾಡಿ, ಆ ಭಾರದ ಮನುಷ್ಯ ಅಂಗಳದ ಜಲ್ಲಿಕಲ್ಲುಗಳ ಮೇಲೆ, ಹೆಜ್ಜೆ ಹೆಜ್ಜೆಗೂ ಮುಖ ಕಿವುಚುತ್ತ, ಬರಿಗಾಲಲ್ಲಿ ನಡೆದುಹೋದ.