ಔಷಧಿ ಹೊಡೆಯದ ದಿನ

ಗಾಳಿ ಎಡಗಿವಿಗೆ ತಾಗ್ತಿದೆ, ಅಂದ್ರೆ ಪಕ್ಕದ ಪಂಪಣ್ಣನ ಹೊಲದಿಂದ ನೆಟ್ಟಗೆ ನಮ್ಮನೆ ಕಡೆಗೇ, ಇದಕ್ಕೆ ಬೇರೆ ದಿಕ್ಕೇ ಸಿಗಲಿಲ್ವಾ ಇವತ್ತು — ಎಲೆಕೋಸಿನ ಎಲೆ ಮಗುಚಿ ನೋಡು, ಹಸಿರು ಹುಳ ಒಂದು, ಮುಟ್ಟಿದ್ರೆ ನೂಲು ಬಿಟ್ಕೊಂಡು ಜೋತಾಡುತ್ತೆ, ಪಕ್ಕದ ಗಿಡದಲ್ಲಿ ಏನಿಲ್ಲ, ಅದರಾಚೆಗೂ ಇಲ್ಲ, ಹಳೇ ತೂತುಗಳಷ್ಟೇ, ತೂತು ನೋಡಿ ಔಷಧಿ ಹೊಡೀಬೇಡಿ, ಹುಳ ಎಣಿಸಿ, ಮಿತಿ ದಾಟಿದ್ರೆ ಮಾತ್ರ ಹೊಡೀರಿ, ಅದೂ ಸಂಜೆ, ಜೇನು ಗೂಡಿಗೆ ಹೋದ ಮೇಲೆ, ಗಾಳಿ ಬಿದ್ದ ಮೇಲೆ, ಕಾಲುವೆ ಪಕ್ಕದ ಸಾಲು ಬಿಟ್ಟು, ಹಾಗಂದಿದ್ರು ಕೃಷಿ ಆಫೀಸಿನ ಮೇಡಂ, ನಾನು ಹೂಂ ಹೂಂ ಅಂದೆ, ಪರಿಸರದ ಬಗ್ಗೆ ಇಷ್ಟು ಕಾಳಜಿ ಇರೋರು ಕಮ್ಮಿ ಸಾರ್ ಅಂದ್ರು, ನನ್ನ ಪರಿಸರ ಯಾವುದು ಅಂತ ಅವರಿಗೇನು ಗೊತ್ತು, ನನ್ನ ಪರಿಸರ ಪಟ್ಟಣದಲ್ಲಿ ಅವಳಕ್ಕನ ಮನೆಯ ಮೂರನೇ ಮಹಡೀಲಿ ಕೂತು ಉಸಿರಾಡ್ತಿದೆ. ಇವತ್ತು ಮಧ್ಯಾಹ್ನದ ಬಸ್ಸಿಗೆ ಬರ್ತಾಳೆ ನನ್ನವಳು. ಬಂದು ನೋಡ್ತೀನಿ ರೀ, ಇರೋಕಾಗುತ್ತೋ ಇಲ್ವೋ ಆಮೇಲಿನ ಮಾತು, ಅಂದಿದ್ದಳು ಫೋನಲ್ಲಿ. ಹೋದ ಕೊಯ್ಲಿನ ಹೊತ್ತಿಗೆ ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ನಿಂತಿದ್ದಳು, ಔಷಧಿ ಗಾಳಿ ತಾಗದ ಕಡೆ ಇಟ್ಕೊಳ್ಳಿ ಅಂದ್ರು ಡಾಕ್ಟರು, ಪಾತ್ರೆ ಸಾಮಾನು ಇಟ್ಕೊಳ್ಳೋ ಹಾಗೆ, ಊರಿಗೆ ನಾನು ಹೇಳಿದ್ದು ಅಕ್ಕನಿಗೆ ಹುಷಾರಿಲ್ಲ ಅಂತ, ಊರು ತಿಳ್ಕೊಂಡಿದ್ದು ಗಂಡ ಹೆಂಡ್ತಿ ಜಗಳ ಅಂತ, ತಿಳ್ಕೊಳ್ಳಲಿ, ಔಷಧಿಯಿಂದ ಅಂದ್ರೆ ಯಾರ ಔಷಧಿ ಅಂತ ಕೇಳ್ತಾರೆ, ನಂದಾ, ಪಂಪಣ್ಣಂದಾ, ಕಾಲುವೆ ಆಚೆಯವರದಾ, ಗಾಳಿ ಮೇಲೆ ಹೆಸರು ಬರೆದಿರುತ್ತಾ — ಅವಳು ಹೋದ ಮೇಲೆ ತಿಳಿದದ್ದು ಇಷ್ಟು, ಒಬ್ಬನೇ ಉಣ್ಣೋವಾಗ ತಟ್ಟೆ ಸದ್ದು ಜಾಸ್ತಿ. ಬೇಕಂತಲೇ ರೇಡಿಯೋ ಹಚ್ಚಿಟ್ಟಿರ್ತೀನಿ, ಯಾರು ಏನು ಹೇಳಿದ್ರೋ ಒಂದೂ ತಲೆಗೆ ಹೋಗಲ್ಲ. ಹೊಲದಲ್ಲಿ ಮೇಡಂ ಕಟ್ಟಿಸಿದ ಈ ಬಲೆ ಒಂದು, ಮೋಹಕ ಬಲೆಯಂತೆ ಹೆಸರು, ಈ ವಯಸ್ಸಲ್ಲಿ ಯಾರಿಗಯ್ಯಾ ಬಲೆ ಹಾಕಿದ್ದೀಯ ಅಂತ ಪಂಪಣ್ಣ ಊರೆಲ್ಲ ಸಾರಿದ, ಒಳಗೆ ಹೆಣ್ಣಿನ ವಾಸನೆ ಮಾತ್ರ, ಹೆಣ್ಣಿಲ್ಲ, ಗಂಡು ಪತಂಗಗಳು ಹುಡುಕ್ಕೊಂಡು ಬಂದು ಬೀಳ್ತವೆ, ಬೆಳಿಗ್ಗೆ ಎಣಿಸೋವಾಗ ನಗು ಬರಬೇಕು, ಬರಲ್ಲ.

ಪಂಪಣ್ಣ ಡ್ರಮ್ಮಿಗೆ ನೀರು ಬಿಡ್ತಿದ್ದಾನೆ, ಆ ಸದ್ದು ಗೊತ್ತು ನಂಗೆ, ಬೆನ್ನಿಗೆ ಪಂಪು ಅಂಟಿಕೊಂಡೇ ಹುಟ್ಟಿದವನು, ಕಾಲು ತಾವಾಗೇ ಬದು ದಾಟಿದವು, ಇವತ್ತು ಬೇಡ ಪಂಪಣ್ಣ, ಯಾಕೆ, ಗಾಳಿ ಇದೆ, ಗಾಳಿ ಯಾವತ್ತಿಲ್ಲ, ನಿನ್ನ ಹುಳಗಳಿಗೆ ನೆಗಡಿ ಆಗುತ್ತೆ ಅಂತಾನಾ, ಮಕ್ಕಳ ಥರ ಸಾಕಿದ್ದೀಯಲ್ಲ, ಅವು ದೊಡ್ಡವಾಗಿ ನನ್ನ ಹೊಲಕ್ಕೇ ಸಂಸಾರ ಹೂಡೋಕೆ ಬರ್ತವೆ, ನಾನು ಗುರುವಾರ ಅಂದ್ರೆ ಗುರುವಾರ, ಹುಳ ಇರಲಿ ಬಿಡಲಿ. ಔಷಧಿ ಬಾಟಲಿ ಮುಚ್ಚಳ ತಿರುಗಿಸ್ತಿದ್ದಾನೆ. ಅವಳು ಬರ್ತಿದ್ದಾಳೆ, ಅಂದೆ. ಬರಲಿ, ಒಳ್ಳೇದೇ ಆಯ್ತಲ್ಲ. ಅದು ಜಗಳ ಅಲ್ಲ ಕಣೋ — ಯಾವುದು — ಅವಳು ಹೋಗಿದ್ದು, ಈ ವಾಸನೆಗೆ ಉಸಿರು ಸಿಗ್ತಿರಲಿಲ್ಲ ಅವಳಿಗೆ, ನಿನ್ನದೂ ಅಲ್ಲ ನಂದೂ ಅಲ್ಲ, ಎಲ್ಲರದ್ದೂ ಸೇರಿ. ಅವನು ಬಾಟಲಿ ನೋಡಿದ, ಮುಚ್ಚಳ ವಾಪಸ್ ಬಿಗಿದ. ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆಯಲ್ಲ, ನಾನೇನು ಹುಲಿನಾ. ಇವತ್ತು ಹೊಡೆಯಲ್ಲ ಬಿಡು, ನಿನ್ನ ಮನೆ ಮಗ್ಗುಲಿನ ಸಾಲು ಇನ್ಮೇಲೆ ಮುಟ್ಟೋದೇ ಇಲ್ಲ, ಆ ಮೇಡಂ ಏನೋ ಲೆಕ್ಕ ಹೇಳ್ತಾರಲ್ಲ, ನಂಗೂ ತೋರಿಸು, ಎಣಿಸೋದರಲ್ಲಿ ನಾನು ಒಂದನೇ ಕ್ಲಾಸಲ್ಲೇ ಪಾಸಾದವನು. ನಕ್ಕ, ನಾನೂ ನಕ್ಕೆ.

ಬಸ್ಸಿಂದ ಇಳಿದಾಗ ಮೂಗಿಗೆ ಕರವಸ್ತ್ರ, ಎಷ್ಟು ತೆಳ್ಳಗಾಗಿದ್ದಾಳೆ, ಚೀಲ ನಾನು ಹಿಡ್ಕೊಂಡೆ, ಅವಳು ಮುಂದೆ ನಾನು ಹಿಂದೆ, ಬದುವಿನ ಮೇಲೆ, ಅವಳ ಬೆನ್ನನ್ನೇ ನೋಡ್ತಾ ನಾನೂ ಉಸಿರು ಹಿಡಿದಿದ್ದೆ, ಎಲೆಕೋಸಿನ ಸುತ್ತ ಸಾಸಿವೆ ಯಾಕ್ರೀ, ಪತಂಗ ಮೊದಲು ಅಲ್ಲಿಗೇ ಹೋಗುತ್ತಂತೆ ಕಣೇ, ಮೊಟ್ಟೆ ಅಲ್ಲೇ ಇಡುತ್ತಂತೆ, ಓಹೋ ಹುಳಕ್ಕೆ ಬೇರೆ ಮನೆ ಮಾಡಿಕೊಟ್ಟಿದ್ದೀರಿ, ಅಂದವಳು ಕರವಸ್ತ್ರ ಇಳಿಸಿದಳು, ಉಸಿರು ಎಳೆದಳು, ಇನ್ನೊಂದು ಎಳೆದಳು, ನಾನು ಕಾದೆ, ಕೆಮ್ಮು ಬರಲಿಲ್ಲ. ಬಗ್ಗಿ ಒಂದು ಎಲೆ ಮುರಿದು ಬಿಸಿಲಿಗೆ ಎತ್ತಿ ಹಿಡಿದಳು, ಇದೇನ್ರೀ, ಎಲೆಕೋಸಾ ಜರಡಿನಾ, ತೂತುಗಳಿಂದ ಇಳಿದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಅವಳ ಹಣೆ ಮೇಲೆ, ಕೆನ್ನೆ ಮೇಲೆ, ನಗುತ್ತಿದ್ದ ತುಟಿ ಮೇಲೆ.

ಊಟ ಮಾಡಿದ್ವಿ, ರೇಡಿಯೋ ಹಚ್ಚಲಿಲ್ಲ, ಪಂಪಣ್ಣ ಬಾಟಲಿ ಮುಚ್ಚಿಟ್ಟಿದ್ದು ಹೇಳಿದೆ. ಇರ್ತೀಯಾ ಅಂತ ನಾನು ಕೇಳಲಿಲ್ಲ, ಇರ್ತೀನಿ ಅಂತ ಅವಳು ಅನ್ನಲಿಲ್ಲ, ಸಂಜೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೇಳಿದಳು, ಕಾಲುವೆ ಆಚೆಯವರೂ ನಿಲ್ಲಿಸಿದ್ರಾ. ಇಲ್ಲ. ಅವರಿಗೆ ಹೇಳಿದ್ರಾ. ಇಲ್ಲ. ಹೇಳ್ರೀ, ಅವರು ಒಪ್ಪಿದ ದಿನ ಫೋನ್ ಮಾಡಿ, ಬರ್ತೀನಿ. ಬಸ್ಸು ಹೋಯ್ತು. ನಾಳೆ ಹೋಗಬೇಕು, ಮೂರು ಮನೆ, ಮೂರು ಬಾಗಿಲು, ಮೊದಲ ಮಾತು ಏನಂತ ಶುರು ಮಾಡೋದು, ಹುಳದ್ದಾ, ಗಾಳಿದ್ದಾ — ಅವಳ ತಟ್ಟೆ ತೊಳೀತಿದ್ದೀನಿ, ಹಣೆ ಮೇಲೆ ಚುಕ್ಕೆ — ಅವರು ಬೈದ್ರೆ ಬೈಸ್ಕೊಳ್ಳೋದು, ಹುಚ್ಚ ಅಂದ್ರೆ ಅನ್ನಲಿ, ಮೇಡಂನ ಕರ್ಕೊಂಡು ಹೋಗ್ಲಾ, ಬೇಡ, ನಾನೇ ಹೇಳಬೇಕು, ನನ್ನ ಬಾಯಿಂದಲೇ — ಕೆನ್ನೆ ಮೇಲೆ ಚುಕ್ಕೆ, ಎಲೆ ಅಲುಗಿದ್ರೆ ಅವೂ ಅಲುಗ್ತವೆ — ಮೊದಲನೇ ಮನೆಯವನು ಮುಂಗೋಪಿ, ನಮಸ್ಕಾರ ಅಂತೀನಿ, ಒಂದು ಮಾತಿತ್ತು ಅಂತೀನಿ, ನನ್ನ ಹೆಂಡ್ತಿ ಅಂತೀನಿ, ನನ್ನ ಹೆಂಡ್ತಿ — ಎತ್ತಿದ ಕೈ, ತೂತು ಎಲೆ, ಅವಳ ತುಟಿ ಮೇಲೆ ಬಿಸಿಲಿನ ಚುಕ್ಕೆ